ಪಾರ್ಸೆಲ್ ಡೆಲಿವರಿ ವ್ಯಾನ್ ಕೆಲ್ಸ ಸಿಕ್ಕಿದೆ, ಸೋಮವಾರದಿಂದ ಹೋಗ್ಬೇಕು, ದಾವಣಗೆರೇಲಿ ಈ ಕೆಲ್ಸ ಮಾಡಿರೋರು ಸ್ವಲ್ಪ ಹೇಳ್ರಿ

ಶ್ಯಾಗಲೆ ಹುಡುಗ:
ಎಲ್ರಿಗೂ ನಮಸ್ಕಾರ ರೀ. ನಂದು ದಾವಣಗೆರೆ ಹತ್ರ ಶ್ಯಾಗಲೆ. ಇಷ್ಟು ದಿನ ಊರಲ್ಲಿ ಟ್ರ್ಯಾಕ್ಟರ್ರು, ಆಮೇಲೆ ಮಾವನ ಟಾಟಾ ಏಸ್ ಓಡಿಸ್ಕೊಂಡಿದ್ದೆ, ಭತ್ತದ ಲೋಡ್ ಇದ್ರೆ ಕೆಲ್ಸ ಇಲ್ದಿದ್ರೆ ಇಲ್ಲ ಅನ್ನೋ ಹಂಗಿತ್ತು. ಈಗ ಬೈಪಾಸ್ ಕಡೆ ಇರೋ ಒಂದು ಪಾರ್ಸೆಲ್ ಹಬ್‌ನಲ್ಲಿ ಡೆಲಿವರಿ ವ್ಯಾನ್ ಡ್ರೈವರ್ ಅಂತ ತಗೊಂಡಿದಾರೆ. ಗಾಡಿ ಅವರದ್ದೇ, ಡೀಸೆಲ್ ಅವರದ್ದೇ. ಮೊದ್ಲು ಫಿಕ್ಸ್ ಸಂಬಳ, ಆಮೇಲೆ ಪಾರ್ಸೆಲ್ ಲೆಕ್ಕ ಅಂತ ಬಾಯಲ್ಲಿ ಹೇಳಿದಾರೆ, ಕಾಗದದಲ್ಲಿ ಇನ್ನೂ ಏನೂ ಕೊಟ್ಟಿಲ್ಲ.

ಗಾಡಿ ಓಡ್ಸೋಕೆ ನಂಗೆ ಭಯ ಇಲ್ಲ, ಭಯ ಇರೋದು ಅಡ್ರೆಸ್ಸಿಂದು. ದಾವಣಗೆರೆ ಅಂದ್ರೆ ನಂಗೆ ಗೊತ್ತಿರೋದು ಎಪಿಎಂಸಿ, ಮಂಡಿಪೇಟೆ, ಬಸ್‌ಸ್ಟ್ಯಾಂಡು ಇಷ್ಟೇ. ಒಳಗಿನ ಮೇನು ಕ್ರಾಸು ಏನೂ ಗೊತ್ತಿಲ್ಲ. ಆಮೇಲೆ ನನ್ನ ಲೈಸೆನ್ಸು ಬರೀ ಎಲ್‌ಎಂವಿ, ಅಂದ್ರೆ ಲಘು ವಾಹನದ್ದು, ಬಾಡಿಗೆ ಗಾಡಿದು ಬ್ಯಾಡ್ಜ್ ಇಲ್ಲ, ಹಳದಿ ಬೋರ್ಡ್ ಗಾಡಿ ಓಡಿಸ್ಬೋದಾ? ಸಿಓಡಿ, ಅಂದ್ರೆ ಪಾರ್ಸೆಲ್ ಕೊಡೋವಾಗ ಇಸ್ಕೊಳ್ಳೋ ದುಡ್ಡು, ಕಮ್ಮಿ ಬಂದ್ರೆ ನಮ್ಮ ಕೈಯಿಂದ ಹಾಕ್ಬೇಕಾ? ಗಾಡಿ ತುಂಬ್ಕೊಳ್ಳೋದು ಹೆಂಗೆ? ಗೊತ್ತಿರೋರು ಹೇಳ್ರಿ.

ಕಾರ್ಮಿಕ ಮಿತ್ರ:
ಲೈಸೆನ್ಸ್ ವಿಚಾರ ಮೊದ್ಲು ಹೇಳ್ತೀನಿ, ಯಾಕಂದ್ರೆ ಇದರ ಬಗ್ಗೆ ಇನ್ನೂ ಬಹಳ ಜನಕ್ಕೆ ಗೊಂದಲ ಐತೆ. 2024ರ ನವೆಂಬರ್ 6ನೇ ತಾರೀಕು ಸುಪ್ರೀಂ ಕೋರ್ಟಿನ ಐದು ಜನ ಜಡ್ಜ್‌ಗಳ ಸಂವಿಧಾನ ಪೀಠ ತೀರ್ಪು ಕೊಟ್ಟೈತೆ, ಎಲ್‌ಎಂವಿ ಲೈಸೆನ್ಸ್ ಇದ್ರೆ 7500 ಕೆಜಿಗಿಂತ ಕಮ್ಮಿ ತೂಕದ ಸಾರಿಗೆ ವಾಹನ ಓಡಿಸ್ಬೋದು, ಅದಕ್ಕೆ ಲೈಸೆನ್ಸಲ್ಲಿ ಬೇರೆ ಎಂಡಾರ್ಸ್‌ಮೆಂಟ್ (ಅನುಮತಿ ನಮೂದು) ಬೇಡ ಅಂತ. ಟಾಟಾ ಏಸ್, ಬೊಲೆರೊ ಪಿಕಪ್ ಎಲ್ಲಾ ಇದ್ರೊಳಗೇ ಬರ್ತಾವೆ. ಹಂಗಾಗಿ ಧೈರ್ಯವಾಗಿ ಓಡ್ಸು ತಮ್ಮ. ಒಟ್ಟು ತೂಕ 3000 ಕೆಜಿ ಒಳಗಿರೋ ಗೂಡ್ಸ್ ಗಾಡಿಗೆ ಪರ್ಮಿಟ್ಟೂ ಬೇಡ, ಮೋಟಾರು ವಾಹನ ಕಾಯ್ದೆಲೇ ಐತೆ. ಆದ್ರೆ ಎಫ್‌ಸಿ (ಗಾಡಿ ಫಿಟ್ನೆಸ್ ಸರ್ಟಿಫಿಕೇಟು), ಇನ್ಶೂರೆನ್ಸು, ಎಮಿಷನ್ ಮೂರೂ ಬೇಕೇ ಬೇಕು. ಗಾಡಿ ಕಂಪನಿದು ಅಂತ ಸುಮ್ನಿರ್ಬೇಡ, ಕೀ ಕೈಗೆ ತಗೊಳ್ಳೋ ಮುಂಚೆ ಮೂರರದ್ದೂ ತಾರೀಕು ನೋಡು, ಫೋಟೋ ಇಟ್ಕೋ. ರೋಡಲ್ಲಿ ಪೊಲೀಸರು ಹಿಡಿಯೋದು ಸ್ಟೀರಿಂಗ್ ಮುಂದೆ ಕೂತಿರೋನ್ನ, ಆಫೀಸಲ್ಲಿ ಕೂತಿರೋನ್ನ ಅಲ್ಲ.

ಸಂಬಳ ಬಾಯಲ್ಲಿ ಹೇಳಿದಾರೆ ಅಂದ್ಯಲ್ಲ, ಅದು ಮಾತ್ರ ಬೇಡ. ಅದರ ಬಗ್ಗೆ ಬೇರೆ ಬರೀತೀನಿ, ಅದು ದೊಡ್ಡದೈತೆ.

ಹಳೇಪೇಟೆ ರೈಡರ್:
ವೆಲ್ಕಂ ಬ್ರದರ್. ನಾನು ಬೈಕಲ್ಲಿ ಮಾಡ್ತಿದ್ದೆ, ಈಗ ವ್ಯಾನು. ನೀನು ಭಯ ಪಡ್ತಿರೋದು ಸರಿಯಾದ ಜಾಗಕ್ಕೇ, ಈ ಕೆಲ್ಸದಲ್ಲಿ ಗಾಡಿ ಓಡ್ಸೋದು ಕಾಲು ಭಾಗ, ಮನೆ ಹುಡ್ಕೋದೇ ಮುಕ್ಕಾಲು.

ದಾವಣಗೇರಿದು ಹೆಂಗೆ ಅಂದ್ರೆ ರೈಲ್ವೆ ಹಳಿ ಊರನ್ನ ಎರಡು ಭಾಗ ಮಾಡ್ಬಿಟ್ಟೈತೆ. ಆಕಡೆ ಹಳೇ ಊರು, ಚೌಕಿಪೇಟೆ, ಮಂಡಿಪೇಟೆ, ಕಾಳಿಕಾದೇವಿ ರಸ್ತೆ, ಆಜಾದ್ ನಗರ, ಹೊಂಡದ ಸರ್ಕಲ್. ಈಕಡೆ ಪಿಜೆ ಬಡಾವಣೆ, ವಿದ್ಯಾನಗರ, ಎಂಸಿಸಿ, ನಿಟುವಳ್ಳಿ. ಮ್ಯಾಪ್ ನಿಂಗೆ ಹತ್ತಿರದ್ದು ಅಂತ ಹಳಿ ಆಕಡೆ ಮನೆ ತೋರಿಸ್ತೈತೆ, ನೀನು ಅದನ್ನ ನಂಬಿ ಹೋದ್ರೆ ಹಳಿ ದಾಟೋದ್ರಲ್ಲೇ ಟೈಂ ಹೋಗ್ತೈತೆ. ಒಂದು ಕಡೆ ಪೂರ್ತಿ ಮುಗಿಸು, ಆಮೇಲೆ ದಾಟು, ಮತ್ತೆ ವಾಪಸ್ ಬರ್ಬೇಡ. ಮಳೆ ಬಂದ ದಿನ ಅಂಡರ್‌ಪಾಸಲ್ಲಿ ನೀರು ನಿಲ್ತೈತೆ, ಡಬ್ಬ ತುಂಬಿರೋ ಏಸ್ ತಗೊಂಡು ಇಳೀಬೇಡ.

ಹಳೇ ಊರೊಳಗೆ ವ್ಯಾನ್ ತಗೊಂಡು ಪೂರ್ತಿ ಹೋಗೋಕೆ ಆಗಲ್ಲ. ಚೌಕಿಪೇಟೆಲಿ ಬೆಳಗ್ಗೆ ಅಂಗಡಿ ಮಾಲು ಇಳಿಸೋ ಲಗೇಜ್ ಆಟೋ ನಿಂತಿರ್ತಾವೆ, ಸಿಕ್ಕಾಕ್ಕೊಂಡ್ರೆ ರಿವರ್ಸೂ ಬರಲ್ಲ. ಹೊರಗೆ ಅಗಲ ಇರೋ ಕಡೆ ಲಾಕ್ ಮಾಡಿ ನಿಲ್ಸು, ಒಂದು ದೊಡ್ಡ ಚೀಲದಲ್ಲಿ ಆ ಬೀದಿದೆಲ್ಲಾ ಹಾಕ್ಕೊಂಡು ನಡ್ಕೊಂಡು ಹೋಗು. ಇನ್ನೊಂದು, ಪೇಟೆ ಅಂಗಡಿಗೆ ಬೆಳಗ್ಗೆ ಬೆಳಗ್ಗೆನೇ ಸಿಓಡಿ ತಗೊಂಡು ಹೋಗ್ಬೇಡ. ಬೋಣಿ ಆಗೋ ಮುಂಚೆ ಯಾವ ಯಜಮಾನ್ರೂ ಗಲ್ಲಾ ಪೆಟ್ಟಿಗೆಯಿಂದ ದುಡ್ಡು ತೆಗ್ಯಲ್ಲ, ಆಮೇಲೆ ಬಾ ಅಂತಾರೆ, ನೀನು ಎರಡು ಸಲ ಸುತ್ತಬೇಕು. ಪ್ರೀಪೇಯ್ಡ್ ಬೆಳಗ್ಗೆ ಕೊಡು, ಕ್ಯಾಷ್‌ದು ಹನ್ನೊಂದರ ಮೇಲೆ ಇಟ್ಕೋ.

ಸ್ಪೀಡ್ ಹದಿನೇಳು:
ಇದೆಲ್ಲಾ ಸರಿ ಅಣ್ಣ ಆದ್ರೆ ಕೊನೆಗೆ ಹಬ್‌ನಲ್ಲಿ ನೋಡೋದು ನಂಬರ್ರೇ. ಎಷ್ಟು ಹಾಕ್ಕೊಂಡು ಹೋದೆ, ಎಷ್ಟು ಕೊಟ್ಟೆ, ಎಷ್ಟು ವಾಪಸ್ ತಂದೆ. ಪಾರ್ಸೆಲ್ ಲೆಕ್ಕಕ್ಕೆ ಬಂದ್ಮೇಲೆ ನಿಂಗೇ ಗೊತ್ತಾಗ್ತೈತೆ, ನಿಧಾನಕ್ಕೆ ಎಲ್ರನ್ನೂ ಮಾತಾಡಿಸ್ಕೊಂಡು ಹೋದ್ರೆ ಮನೆ ಬಾಡಿಗೆ ಕಟ್ಟೋಕೆ ಆಗಲ್ಲ. ನಾನು ಹೇಳೋದು ಮೊದ್ಲ ದಿನದಿಂದ್ಲೇ ಸ್ಪೀಡ್ ಅಭ್ಯಾಸ ಮಾಡ್ಕೋ. ಪಿಜಿ, ಹಾಸ್ಟೆಲ್ ಇರೋ ಏರಿಯಾ ಕೇಳಿ ಇಸ್ಕೋ, ಬಾಪೂಜಿ ಆಸ್ಪತ್ರೆ, ಜೆಜೆಎಂ ಮೆಡಿಕಲ್ ಕಾಲೇಜು, ಬಿಐಇಟಿ ಸುತ್ತ ಒಂದೇ ಗೇಟಲ್ಲಿ ಒಂದು ಚೀಲ ಖಾಲಿ ಆಗ್ತೈತೆ. ಒಂದು ಪಾರ್ಸೆಲ್ಲಿಗೆ ಒಂದು ಹಳ್ಳಿಗೆ ಹೋಗೋದು ಯಾರಿಗೆ ಬೇಕು.

ಹಬ್ ನೈಟ್ ಶಿಫ್ಟ್:
ಹೊಸಬರಿಗೆ ಕೇಳಿದ ಏರಿಯಾ ಕೊಡಲ್ಲ ಕಣ್ರಿ, ಸುಮ್ನೆ ಆಸೆ ಹುಟ್ಟಿಸ್ಬೇಡ್ರಿ. ಹಾಸ್ಟೆಲ್ ರೂಟು ಹಳಬರ ಕೈಲೇ ಇರ್ತೈತೆ. ಹೊಸಬರಿಗೆ ಸಿಗೋದು ಊರ ಹೊರಗಿನ ಹೊಸ ಲೇಔಟು, ಇಲ್ಲಾಂದ್ರೆ ಹಳ್ಳಿ ರೂಟು.

ನಾನು ರಾತ್ರಿ ಸಾರ್ಟಿಂಗಲ್ಲಿ ಇರ್ತೀನಿ, ನಂ ಕಡೆಯಿಂದ ಏನಾಗ್ತೈತೆ ಅಂತ ಹೇಳ್ತೀನಿ ಕೇಳು. ಬೆಂಗಳೂರು ಹುಬ್ಬಳ್ಳಿ ಕಡೆಯಿಂದ ಲೈನ್‌ಹಾಲ್ ಗಾಡಿ, ಅಂದ್ರೆ ಊರಿಂದ ಊರಿಗೆ ಮಾಲು ತರೋ ಗಾಡಿ, ಬರ್ತಾವೆ, ಚೀಲ ಬಿಚ್ತೀವಿ, ಸ್ಕ್ಯಾನ್ ಮಾಡಿ ಪಿನ್‌ಕೋಡ್ ನೋಡಿ ರೂಟ್ ಪ್ರಕಾರ ಎಸೀತೀವಿ. ದಾವಣಗೆರೆ ಊರಿಂದು 577001 ರಿಂದ 577006, ಚಿತ್ರದುರ್ಗ 577501, ಹರಿಹರ 577601, ಶಿವಮೊಗ್ಗ 577201. ಈಗ 577002 ಬರೆಯೋ ಜಾಗದಲ್ಲಿ ಯಾರಾದ್ರೂ 577202 ಒತ್ತಿದ್ರೆ ದಾವಣಗೆರೆ ಪಾರ್ಸೆಲ್ಲು ಶಿವಮೊಗ್ಗಕ್ಕೆ ಹೋಗಿ ಕೂರ್ತೈತೆ, ಅಲ್ಲಿದು ಇಲ್ಲಿಗೆ ಬರ್ತೈತೆ. ಹಂಗಾಗಿ ಬೆಳಗ್ಗೆ ನಿನ್ನ ರಾಶಿ ಮುಂದೆ ನಿಂತಾಗ ಮೊದ್ಲು ಅಡ್ರೆಸ್ ಓದು, ಪಿನ್ ನೋಡಿ ಗಾಡಿಗೆ ಹಾಕ್ಬೇಡ. ಬೇರೆ ಊರಿಂದು ಸಿಕ್ರೆ ಅಲ್ಲೇ ವಾಪಸ್ ಕೊಡು, ನಿನ್ನ ರನ್‌ಶೀಟಿಗೆ (ಆ ದಿನದ ಡೆಲಿವರಿ ಪಟ್ಟಿಗೆ) ಸ್ಕ್ಯಾನ್ ಆಗೋಕೆ ಬಿಡ್ಬೇಡ. ಸ್ಕ್ಯಾನ್ ಆದ್ಮೇಲೆ ಅದರ ಜವಾಬ್ದಾರಿ ನಿಂದು.

ಟೇಪ್ ಹರಿದಿರೋದು, ಮೂಲೆ ಜಜ್ಜಿರೋದು, ಅಲ್ಲಾಡಿಸಿದ್ರೆ ಗಾಜಿನ ಸದ್ದು ಬರೋದು, ಇವನ್ನ ಹಬ್‌ನಲ್ಲೇ ಫೋಟೋ ಹೊಡೆದು ಸೂಪರ್‌ವೈಸರ್‌ಗೆ ಕಳ್ಸು. ಮೊಬೈಲು, ವಾಚು, ಬೆಲೆ ಬಾಳೋ ಸಣ್ಣ ಡಬ್ಬ ಎಲ್ಲಾ ಬೇರೆ ಎಣಿಸಿ ಕ್ಯಾಬಿನ್‌ನಲ್ಲಿ ಲಾಕ್ ಮಾಡಿ ಇಟ್ಕೋ, ಹಿಂದೆ ಡಬ್ಬದಲ್ಲಿ ಹಾಕ್ಬೇಡ.

ತುಂಬೋದು ಸುಲಭ ಐತೆ. ಕೊನೆಗೆ ಕೊಡೋದು ಒಳಗೆ, ಮೊದ್ಲು ಕೊಡೋದು ಬಾಗಿಲ ಹತ್ರ. ಭಾರದ್ದು ಕೆಳಗೆ. ದಪ್ಪ ಮಾರ್ಕರ್ ತಗೊಂಡು ಪಾರ್ಸೆಲ್ ಮೇಲೆ ನಿನ್ನದೇ ನಂಬರ್ ಬರಿ, ಎರಡು ಕಡೆ ಬರಿ, ಲೇಬಲ್ ಮೇಲೆ ಬರೀಬೇಡ ಬಾರ್‌ಕೋಡ್ ಓದಲ್ಲ. ಈ ಅರ್ಧ ಗಂಟೆ ಕೆಲ್ಸ ಬಿಟ್ಟು ಹಂಗೇ ತುಂಬ್ಕೊಂಡು ಹೋದೋರು ಪ್ರತಿ ಮನೆ ಮುಂದೆ ಡಬ್ಬದೊಳಗೆ ಹತ್ತಿ ಹುಡ್ಕೋದು ನಾನು ದಿನಾ ನೋಡ್ತೀನಿ.

ನಿವೃತ್ತ ಅಂಚೆ:
ಮಗಾ, ನಾನು ಪೋಸ್ಟ್‌ಮ್ಯಾನ್ ಆಗಿದ್ದೋನು, ರಿಟೈರ್ ಆಗಿದೀನಿ, ಸೈಕಲ್ಲಲ್ಲಿ ತಿರುಗಿದ್ದು ಈ ಊರು. ನಮ್ಮಲ್ಲಿ ಬೀಟ್ ಅಂತೀವಿ, ನಿಮ್ಮಲ್ಲಿ ರೂಟ್ ಅಂತೀರಿ.

ಆ ಹುಡುಗ ಸ್ಪೀಡ್ ಅಂತಾನೆ, ಅವನು ಹೇಳೋದ್ರಲ್ಲಿ ದುಡ್ಡಿನ ಕಷ್ಟ ಐತೆ, ಅದನ್ನ ಇಲ್ಲ ಅನ್ನಲ್ಲ. ಆದ್ರೆ ಸ್ಪೀಡು ಬರೋದು ಬೀಟ್ ಬಾಯಿಪಾಠ ಆದ್ಮೇಲೆ. ಗೊತ್ತಿಲ್ದಿರೋ ಊರಲ್ಲಿ ಎಷ್ಟು ಜೋರಾಗಿ ಓಡ್ಸಿದ್ರೂ ತಪ್ಪು ಮನೆ ಮುಂದೆ ಹೋಗಿ ಬೇಗ ನಿಲ್ತೀಯ ಅಷ್ಟೇ.

ಮೊದ್ಲು ಪಿನ್‌ಕೋಡ್ ಅರ್ಥ ಮಾಡ್ಕೋ. 1972ರ ಆಗಸ್ಟ್ 15ಕ್ಕೆ ಶುರುವಾಗಿದ್ದು ಅದು. ಮೊದಲ ಅಂಕಿ ವಲಯ, ಮೊದಲ ಮೂರು ಸೇರಿದ್ರೆ ಸಾರ್ಟಿಂಗ್ ಜಿಲ್ಲೆ, ಕೊನೆ ಮೂರು ಬಟವಾಡೆ ಮಾಡೋ ಅಂಚೆ ಕಚೇರಿ. ಅಂದ್ರೆ ಪಿನ್ ಹೇಳೋದು ಯಾವ ಅಂಚೆ ಕಚೇರಿ ಅಂತ, ಯಾವ ಬೀದಿ ಅಂತ ಅಲ್ಲ. ಒಂದೇ ಪಿನ್ ಒಳಗೆ ಹತ್ತಾರು ಬಡಾವಣೆ ಇರ್ತಾವೆ.

ಈಗ ಈ ಊರಿನ ದೊಡ್ಡ ತೊಡಕು ಹೇಳ್ತೀನಿ. ಎಂಸಿಸಿಲೂ ಎ ಬ್ಲಾಕ್ ಬಿ ಬ್ಲಾಕ್ ಐತೆ, ಎಸ್‌ಎಸ್ ಲೇಔಟಲ್ಲೂ ಎ ಬ್ಲಾಕ್ ಬಿ ಬ್ಲಾಕ್ ಐತೆ. ಜನ ಬರೀ "ಬಿ ಬ್ಲಾಕ್, ಇಂತಿಷ್ಟನೇ ಕ್ರಾಸ್, ದಾವಣಗೆರೆ" ಅಂತ ಬರೆದು ಬಿಡ್ತಾರೆ. ಅಂಥದ್ದು ಕಂಡ ತಕ್ಷಣ ಹೊರಡೋ ಮುಂಚೆನೇ ಫೋನ್ ಮಾಡಿ "ಎಂಸಿಸಿನಾ ಎಸ್‌ಎಸ್ ಲೇಔಟಾ" ಅಂತ ಕೇಳು. ಪಿಜೆ ಬಡಾವಣೆ ಅಂದ್ರೆ ಪ್ರಿನ್ಸ್ ಜಯಚಾಮರಾಜ ಒಡೆಯರ್ ಬಡಾವಣೆ, ಅಡ್ರೆಸ್ಸಲ್ಲಿ ಯಾರಾದ್ರೂ ಪೂರ್ತಿ ಹೆಸರು ಬರೆದಿದ್ರೆ ಬೇರೆ ಜಾಗ ಅಂದ್ಕೋಬೇಡ, ಎರಡೂ ಒಂದೇ. ನಿಟುವಳ್ಳಿಗೂ ನಿಟುವಳ್ಳಿ ಹೊಸ ಬಡಾವಣೆಗೂ ವ್ಯತ್ಯಾಸ ಐತೆ. ಮೇನ್ ಯಾವುದು ಕ್ರಾಸ್ ಯಾವುದು ಅಂತ ಪ್ರತಿ ಬಡಾವಣೆಲೂ ಒಂದೊಂದು ದಿಕ್ಕಿಗೆ ಹೋಗ್ತಾವೆ, ಮೊದಲನೇ ಕ್ರಾಸ್ ಎಲ್ಲಿಂದ ಶುರು ಅಂತ ಒಂದ್ಸಲ ಗೊತ್ತಾದ್ರೆ ಉಳಿದದ್ದು ತಾನಾಗೇ ಬರ್ತೈತೆ. ಸರ್ಕಲ್ ಹೆಸರು ಕಲಿ. ಗುಂಡಿ ಸರ್ಕಲ್, ವಿದ್ಯಾರ್ಥಿ ಭವನ, ರಾಂ ಅಂಡ್ ಕೋ, ಜಯದೇವ ಸರ್ಕಲ್, ಜನ ದಾರಿ ಹೇಳೋದು ಇವುಗಳ ಲೆಕ್ಕದಲ್ಲಿ, ಬೋರ್ಡ್ ಮೇಲಿನ ಹೆಸರಲ್ಲಿ ಅಲ್ಲ.

ಒಂದು ಸಣ್ಣ ನೋಟ್‌ಬುಕ್ ಇಟ್ಕೋ. ಫೋನಲ್ಲೂ ಆಗ್ತೈತೆ ಆದ್ರೆ ಕೈಯಲ್ಲಿ ಬರೆದ್ರೆ ತಲೇಲಿ ಉಳಿಯುತ್ತೆ. ಯಾವ ಮನೆ, ಯಾವ ಗುರುತು, ಯಾವ ಹೊತ್ತಿಗೆ ಇರ್ತಾರೆ, ನಾಯಿ ಐತಾ, ಬೆಲ್ ಕೆಲ್ಸ ಮಾಡ್ತೈತಾ, ಮೆಟ್ಲು ಹಿಂದಗಡೆಯಿಂದನಾ. ಜನರ ಫೋನ್ ನಂಬರ್ ಬರ್ಕೋಬೇಡ, ಅದು ಅವರದ್ದು. ಶುಕ್ರವಾರ ಮಧ್ಯಾಹ್ನ ನಮಾಜ್ ಹೊತ್ತಿಗೆ ಆಜಾದ್ ನಗರ, ಬಾಷಾ ನಗರದಲ್ಲಿ ಅಂಗಡಿಗಳು ಮುಚ್ಚಿರ್ತಾವೆ, ಆ ಹೊತ್ತಿಗೆ ಬೇರೆ ಕಡೆ ಇರು. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ಆ ದಿನಗಳಲ್ಲಿ ಹಳೇ ಊರಿಗೆ ಗಾಡಿ ತಗೊಂಡು ಹೋಗೋ ಯೋಚನೇನೇ ಮಾಡ್ಬೇಡ. ಭಾನುವಾರ ಬಿಡುವಿದ್ರೆ ನಿನ್ನ ಬೀಟಲ್ಲಿ ಸುಮ್ನೆ ನಡ್ಕೊಂಡು ಬಾ, ಪಾರ್ಸೆಲ್ ಇಲ್ದೆ. ಗಾಡಿಯಲ್ಲಿ ಹೋದಾಗ ಕಾಣದ್ದು ನಡೆದಾಗ ಕಾಣ್ತೈತೆ.

ಸ್ಪೀಡ್ ಹದಿನೇಳು:
ಅಜ್ಜ ನಿಮಗೆ ಸರ್ಕಾರಿ ಸಂಬಳ ಇತ್ತು, ಪೆನ್ಷನ್ ಐತೆ. ಭಾನುವಾರ ನಡ್ಕೊಂಡು ಬಾ ಅಂದ್ರೆ ಅದಕ್ಕೆ ಯಾರೂ ದುಡ್ಡು ಕೊಡಲ್ಲ. ನಿಮ್ಮ ಮೇಲೆ ಗೌರವ ಐತೆ, ಆದ್ರೆ ಸಂಜೆ ಏಳು ಗಂಟೆಗೆ ಟೀಮ್ ಲೀಡರ್ ಫೋನ್ ಮಾಡಿ ಪೆಂಡಿಂಗ್ ಕ್ಲಿಯರ್ ಮಾಡು ಅಂತ ಕೂಗ್ತಾನಲ್ಲ, ಆ ಪ್ರೆಷರ್ ಬೇರೆ. ಅದಕ್ಕೇ ಎಷ್ಟೋ ಜನ ಮನೆಗೆ ಹೋಗ್ದೇನೇ "ಕಸ್ಟಮರ್ ಮನೇಲಿಲ್ಲ" ಅಂತ ಒತ್ತಿ ಮುಗಿಸ್ತಾರೆ. ನಾನು ಅವರನ್ನ ಬಯ್ಯಲ್ಲ, ಹೊಟ್ಟೆಪಾಡು.

ಎಂಸಿಸಿ ಅಕ್ಕ:
ನಾನು ಡೆಲಿವರಿ ಕೆಲಸದೋಳಲ್ಲ, ಆದ್ರೆ ಇದನ್ನ ಓದಿ ಸುಮ್ನಿರೋಕೆ ಆಗ್ಲಿಲ್ಲ. ನಾನು ಮನೇಲೇ ಬ್ಲೌಸ್ ಹೊಲಿದು, ಸೀರೆಗೆ ಕುಚ್ಚು ಹಾಕಿ ಕೊಡ್ತೀನಿ. ದಾರ, ಮಣಿ, ಲೇಸು ಎಲ್ಲಾ ಆನ್‌ಲೈನಲ್ಲೇ ತರಿಸ್ತೀನಿ. ಶ್ರಾವಣದಲ್ಲಿ ಒಂದು ಮದುವೆ ಆರ್ಡರ್‌ಗೆ ಮಣಿ ಬರ್ಬೇಕಿತ್ತು, ನಾನು ಬಾಗಿಲು ತೆಗೆದು ಹೊರಗೇ ಕೂತು ಹೊಲಿಗೆ ಹಾಕ್ತಿದೀನಿ, ಫೋನಿಗೆ ಮೆಸೇಜ್ ಬಂತು, ನಿಮ್ಮ ಮನೆ ಬೀಗ ಹಾಕಿತ್ತು ಅಂತ. ಮಾರನೇ ದಿನಾನೂ ಅದೇ. ಆಮೇಲೆ ಪಾರ್ಸೆಲ್ ವಾಪಸ್ ಹೋಯ್ತು. ಆ ಮದುವೆ ಮನೆಯೋರು ಆಮೇಲೆ ಮತ್ತೆ ನನ್ ಹತ್ರ ಬರ್ಲಿಲ್ಲ. ಹೊಟ್ಟೆಪಾಡು ಅಂದ್ರಲ್ಲ, ಆ ಬಟನ್ ಈ ಕಡೆ ಇನ್ನೊಬ್ಬರ ಹೊಟ್ಟೆಪಾಡನ್ನೇ ಒತ್ತೋದು ತಮ್ಮ.

ಈಗ ನಮ್ಮ ಬೀದಿಗೆ ಬರೋ ಹುಡುಗ ಬೇರೆ. ಅವನು ಬರೋಕೆ ಆಗ್ದಿದ್ರೆ "ಅಕ್ಕ ಇವತ್ತು ಆಗಲ್ಲ, ನಾಳೆ ಮೊದ್ಲು ನಿಮ್ದೇ" ಅಂತ ಫೋನ್ ಮಾಡಿ ಹೇಳ್ತಾನೆ. ನಂಗೆ ಅಷ್ಟು ಸಾಕು, ನಾಳೆ ಬರ್ತೈತೆ ಅಂತ ಗೊತ್ತಾದ್ರೆ ಬೇರೆ ಕೆಲ್ಸ ಹಚ್ಕೋತೀನಿ. ಅವನು ಬಂದ್ರೆ ನೀರು ಕೊಡ್ತೀನಿ, ಪಕ್ಕದ್ಮನೆಯೋರದ್ದು ಇದ್ರೆ ನಾನೇ ಅವರಿಗೆ ಫೋನ್ ಮಾಡಿ ಕೇಳಿ ಇಸ್ಕೋತೀನಿ. ಇದು ಅವನಿಗೂ ಉಳಿತಾಯನೇ ಅಲ್ವಾ?

ಹಬ್ ನೈಟ್ ಶಿಫ್ಟ್:
ಅಕ್ಕ ಹೇಳಿದ್ದು ನೂರಕ್ಕೆ ನೂರು. ಇನ್ನೊಂದು ಸೇರಿಸ್ತೀನಿ, ಸುಳ್ಳು ಅಟೆಂಪ್ಟ್ ಹಾಕಿದ್ರೆ ಆ ಪಾರ್ಸೆಲ್ ಎಲ್ಲೂ ಹೋಗಲ್ಲ, ರಾತ್ರಿ ನನ್ನ ಮುಂದೆ ಬರ್ತೈತೆ, ಬೆಳಗ್ಗೆ ಮತ್ತೆ ಅದೇ ಡ್ರೈವರ್ ರಾಶಿಗೆ ಹೋಗ್ತೈತೆ. ಕೆಲ್ಸ ಕಮ್ಮಿ ಆಗಲ್ಲ, ನಾಳೆಗೆ ಜಾಸ್ತಿ ಆಗ್ತೈತೆ. ಕಸ್ಟಮರ್ ಕಂಪ್ಲೇಂಟ್ ಕೊಟ್ರೆ ಜಿಪಿಎಸ್ ತೆಗೆದು ನೋಡ್ತಾರೆ, ಆಗ ಬಟನ್ ಒತ್ತು ಅಂದ ಟೀಮ್ ಲೀಡರ್ ಹೆಸರು ಎಲ್ಲೂ ಇರಲ್ಲ, ಡ್ರೈವರ್ ಐಡಿ ಒಂದೇ ಇರ್ತೈತೆ. ಆಗ್ಲಿಲ್ಲ ಅಂದ್ರೆ ಟೈಂ ಸಾಲಲಿಲ್ಲ ಅಂತ ನಿಜ ಹಾಕು, ಬೈಸ್ಕೊಂಡ್ರೂ ಪರವಾಗಿಲ್ಲ. ಮೊದಲ ವಾರ ವಾಪಸ್ ಜಾಸ್ತಿ ಬರೋದು ಎಲ್ಲಾ ಹೊಸಬರದ್ದೂ ಇರೋದೇ.

ಸ್ಪೀಡ್ ಹದಿನೇಳು:
ಅಕ್ಕ ನೀವು ಹೇಳಿದ್ದು ಮನಸ್ಸಿಗೆ ತಾಗ್ತು. ಆದ್ರೂ ಪಾರ್ಸೆಲ್ ರಾಶಿ ಕಮ್ಮಿ ಮಾಡ್ದೆ ನಿಜ ಹಾಕು ಅಂದ್ರೆ ಡ್ರೈವರ್‌ಗೇ ಎರಡೂ ಕಡೆ ಏಟು. ಮ್ಯಾನೇಜರ್‌ಗಳು ಲೋಡು ಕಮ್ಮಿ ಹಾಕ್ಬೇಕು, ಅಲ್ಲಿಂದ ಸರಿ ಆಗ್ಬೇಕು.

ಹರಿಹರ ರೈಡರ್ ಅಕ್ಕ:
ಅದು ಮಾತ್ರ ನಿಜ. ನಾನು ಹರಿಹರದಲ್ಲಿ ಸ್ಕೂಟರಲ್ಲಿ ಮಾಡ್ತೀನಿ. ಹೊಸಬರಿಗೆ ಯಾರೂ ಹೇಳದ ವಿಚಾರ ಹೇಳ್ತೀನಿ: ನೀರು, ಊಟ, ಟಾಯ್ಲೆಟ್. ಏಪ್ರಿಲ್ ತಿಂಗಳಲ್ಲಿ ನಮ್ಮ ಕಡೆ ಬಿಸಿಲು ಹೆಂಗಿರುತ್ತೆ ಅಂತ ಗೊತ್ತಲ್ಲ, ಡಬ್ಬದ ಗಾಡಿ ಕ್ಯಾಬಿನ್ ಒಲೆ ಆಗ್ಬಿಡುತ್ತೆ. ಟಾಯ್ಲೆಟ್ ಸಿಗಲ್ಲ ಅಂತ ನೀರು ಕುಡೀದೆ ಇರ್ತಾರೆ ಸುಮಾರು ಜನ, ಅದು ಕಿಡ್ನಿಗೆ ಬರುತ್ತೆ. ರೂಟಲ್ಲಿರೋ ಪೆಟ್ರೋಲ್ ಬಂಕ್ ಎಲ್ಲೆಲ್ಲಿ ಅಂತ ಮೊದ್ಲೇ ನೋಡ್ಕೊ, ಅಲ್ಲಿ ಟಾಯ್ಲೆಟ್ ಇರುತ್ತೆ, ಕೇಳೋಕೆ ನಾಚ್ಕೋಬೇಡ. ಮಧ್ಯಾಹ್ನ ಬರೀ ಮಂಡಕ್ಕಿ ಮಿರ್ಚಿ ತಿಂದು ಓಡಬೇಡ, ಮನೆಯಿಂದ ಬುತ್ತಿ ಕಟ್ಕೊ, ರೊಟ್ಟಿ ಪಲ್ಯ ಆದ್ರೆ ಕೆಡಲ್ಲ.

ಸಿಓಡಿ ಕೇಳಿದ್ಯಲ್ಲ. ಕಸ್ಟಮರ್ ಯುಪಿಐ ಮಾಡ್ತೀನಿ ಅಂದ್ರೆ ಆ್ಯಪ್‌ನಲ್ಲಿ ಬರೋ ಕಂಪನಿ ಕ್ಯೂಆರ್ ಮಾತ್ರ ತೋರ್ಸು, ನಿನ್ನ ಸ್ವಂತ ನಂಬರ್‌ಗೆ ಯಾವತ್ತೂ ಹಾಕಿಸ್ಕೋಬೇಡ, ಒಂದು ರೂಪಾಯಿ ಆದ್ರೂ. ಅವರು ಸ್ಕ್ರೀನ್‌ಶಾಟ್ ತೋರಿಸಿದ್ರೆ ಸಾಲದು, ನಿನ್ನ ಆ್ಯಪ್‌ನಲ್ಲಿ ದುಡ್ಡು ಬಂತು ಅಂತ ಬರೋವರೆಗೂ ಪಾರ್ಸೆಲ್ ಕೈಬಿಡ್ಬೇಡ. ಕ್ಯಾಷ್ ಅವರ ಮುಂದೇನೇ ಎಣಿಸು, ಐನೂರರ ನೋಟು ಬೆಳಕಿಗೆ ಹಿಡಿದು ನೋಡು, ಅವರು ಬೇಜಾರು ಮಾಡ್ಕೊಂಡ್ರೂ ನೋಡು. ಸಂಜೆ ಕಟ್ಟೋವಾಗ ಕಮ್ಮಿ ಬಂದ್ರೆ ನಿನ್ನ ಹತ್ರಾನೇ ಕೇಳ್ತಾರೆ. ಬೆಳಗ್ಗೆ ಮನೆಯಿಂದ ಹೊರಡೋವಾಗ ನಿನ್ನ ಸ್ವಂತ ದುಡ್ಡು ಬೇರೆ ಜೇಬಲ್ಲಿ, ಚಿಲ್ಲರೆ ಎಷ್ಟು ಇಟ್ಕೊಂಡಿದೀನಿ ಅಂತ ಬರೆದು ಹೊರಡು.

ಓಟಿಪಿ ಕೊಡೋಕೆ ಜನ ಹೆದರ್ತಾರೆ, ವಯಸ್ಸಾದೋರಂತೂ ಬಹಳ. ಅವರು ಹೆದರೋದು ಸರಿನೇ, ಫೋನ್ ಮಾಡಿ ಓಟಿಪಿ ಕೇಳಿ ಮೋಸ ಮಾಡೋರು ಇದಾರೆ. ನೀನು ಫೋನಲ್ಲಿ ಓಟಿಪಿ ಕೇಳ್ಬೇಡ. ಮನೆ ಬಾಗಿಲಿಗೆ ಹೋಗಿ, ಪಾರ್ಸೆಲ್ ತೋರ್ಸಿ, ಮೆಸೇಜ್ ಓದಿ ನೋಡಿ ಆಮೇಲೆ ಹೇಳ್ರಿ ಅನ್ನು. ಯಾರಿಗಾದ್ರೂ ಮೋಸ ಆಗಿದ್ರೆ 1930ಕ್ಕೆ ಫೋನ್ ಮಾಡೋಕೆ ಹೇಳು, ಸೈಬರ್ ವಂಚನೆ ಸಹಾಯವಾಣಿ ಅದು. ತಾವು ಆರ್ಡರ್ ಮಾಡಿಲ್ಲ ಅಂತ ಯಾರಾದ್ರೂ ಅಂದ್ರೆ ವಾದ ಮಾಡ್ಬೇಡ, ನಿರಾಕರಿಸಿದ್ರು ಅಂತ ಹಾಕಿ ಬಾ.

ದುರ್ಗದ ಡ್ರೈವರ್:
ಚಿತ್ರದುರ್ಗದಿಂದ ನಮಸ್ಕಾರ. ಕೆಎ ಹದಿನಾರರೋರು ಕೆಎ ಹದಿನೇಳರ ಮಾತಿಗೆ ಬಂದಿದೀವಿ ಅಂತ ಬೇಜಾರು ಮಾಡ್ಕೋಬೇಡ್ರಪ್ಪ. ಹಳ್ಳಿ ರೂಟ್ ಸಿಗ್ತೈತೆ ಅಂದ್ರಲ್ಲ, ಅದು ನಂದು, ಸಿರಿಗೆರೆ ಭರಮಸಾಗರ ಕಡೆ. ಸ್ಪೀಡ್ ಬ್ರದರ್ ಒಂದು ಪಾರ್ಸೆಲ್ಲಿಗೆ ಒಂದು ಹಳ್ಳಿ ಯಾರಿಗೆ ಬೇಕು ಅಂದ್ರು. ನಂಗೆ ಬೇಕು. ಹಳ್ಳೀಲಿ ಅಡ್ರೆಸ್ ಹುಡ್ಕೋ ಕೆಲ್ಸನೇ ಇಲ್ಲ, ಬಸ್‌ಸ್ಟಾಪ್ ಹತ್ರ ಹೆಸರು ಹೇಳಿದ್ರೆ ಸಾಕು ಮನೆವರೆಗೂ ಯಾರಾದ್ರೂ ಬರ್ತಾರೆ. ಊರೊಳಗೆ ಒಂದೇ ಹೆಸರಿನೋರು ನಾಲ್ಕು ಜನ ಇರ್ತಾರೆ, ಹಂಗಾಗಿ ಅಪ್ಪನ ಹೆಸರು, ಮನೆತನದ ಹೆಸರು ಕೇಳಿ ಬರ್ಕೋ.

ಕಷ್ಟ ಇರೋದು ಬೇರೆ. ಒಂದು, ನೆಟ್‌ವರ್ಕ್. ಓಟಿಪಿ ಬರಲ್ಲ, ಆ್ಯಪ್ ತಿರುಗ್ತಾನೇ ಇರ್ತೈತೆ. ಊರೊಳಗೆ ಹೋಗೋ ಮುಂಚೆ ಸಿಗ್ನಲ್ ಇರೋ ಕಡೆ ನಿಂತು ಆ ದಿನದ ಲಿಸ್ಟ್ ಪೂರ್ತಿ ಲೋಡ್ ಮಾಡ್ಕೋ. ಎರಡು, ರೋಡ್ ಮೇಲೆ ಮೆಕ್ಕೆಜೋಳ. ನಮ್ಮ ಎರಡೂ ಜಿಲ್ಲೇಲಿ ದಸರಾ ದೀಪಾವಳಿ ಹೊತ್ತಿಗೆ ಮೆಕ್ಕೆಜೋಳದ ಕಟಾವು, ರೈತರಿಗೆ ಕಣ ಸಾಲದೆ ಅರ್ಧ ರೋಡ್ ಉದ್ದಕ್ಕೂ ಒಣಗಾಕಿರ್ತಾರೆ, ಸುತ್ತ ಕಲ್ಲು ಇಟ್ಟಿರ್ತಾರೆ. ಹಬ್ಬದ ಸೇಲ್ ಬಂದು ಪಾರ್ಸೆಲ್ ಎರಡು ಪಟ್ಟು ಆಗೋದೂ ಅದೇ ದಿನಗಳಲ್ಲೇ. ಕಾಳಿನ ಮೇಲೆ ಬ್ರೇಕ್ ಹಿಡಿದ್ರೆ ಗಾಡಿ ನಿಲ್ಲಲ್ಲ, ಬೈಕ್‌ನೋರಂತೂ ಬಿದ್ದೇ ಬೀಳ್ತಾರೆ, ಕತ್ತಲಾದ್ಮೇಲೆ ಆ ಕಲ್ಲು ಕಾಣಲ್ಲ. ಆ ತಿಂಗಳು ಹಳ್ಳಿ ರೂಟ್ ಬೆಳಕಿದ್ದಾಗಲೇ ಮುಗಿಸು, ಊರಿಂದು ಸಂಜೆಗೆ ಇಟ್ಕೋ. ಕಾಳು ತುಳಿಯೋ ಹಂಗೆ ಓಡಿಸ್ಬೇಡ, ಅದು ಅವರ ವರ್ಷದ ಅನ್ನ.

ಮೂರು, ಹೈವೇ. 48ನೇ ಹೆದ್ದಾರಿ ಪಕ್ಕದ ಊರಿಗೆ ಹೋಗೋವಾಗ ಸರ್ವಿಸ್ ರೋಡ್‌ಗೆ ಇಳಿ. ಕಸ್ಟಮರ್ "ಬ್ರಿಡ್ಜ್ ಹತ್ರ ನಿಂತಿದೀನಿ ಬರ್ರಿ" ಅಂದ ಅಂತ ಹೈವೇ ಮೇಲೆ ಪಾರ್ಕಿಂಗ್ ಲೈಟ್ ಹಾಕಿ ನಿಲ್ಲಿಸ್ಬೇಡ. ಹಿಂದಿನಿಂದ ಬರೋ ಲಾರಿಯೋನಿಗೆ ನೀನು ನಿಂತಿದೀಯಾ ಹೋಗ್ತಿದೀಯಾ ಅಂತ ಗೊತ್ತಾಗೋ ಹೊತ್ತಿಗೆ ತಡ ಆಗಿರ್ತೈತೆ. ರಾಂಗ್ ಸೈಡಲ್ಲಿ ಸ್ವಲ್ಪ ದೂರ ತಾನೇ ಅಂತ ಹೋಗೋದು, ಅದೂ ಬೇಡ. ನಮ್ಮ ಜೊತೆಗಿದ್ದ ಒಬ್ಬ ಹುಡುಗ ಹಂಗೇ ಹೋದ, ಅವನ ಮಗಳಿಗೆ ಆಗ ಇನ್ನೂ ಮಾತು ಬರ್ತಿರ್ಲಿಲ್ಲ. ಫೋನಲ್ಲಿ ಮಾತಾಡ್ಕೊಂಡು ಓಡಿಸೋದು ಬೇಡವೇ ಬೇಡ, ಎಷ್ಟೇ ಕಾಲ್ ಬರ್ಲಿ, ಪಕ್ಕಕ್ಕೆ ನಿಲ್ಸಿ ಎತ್ತು.

ಕಾರ್ಮಿಕ ಮಿತ್ರ:
ದುರ್ಗದ ಅಣ್ಣ ಹೇಳಿದ್ದು ಓದಿ, ನಾನು ಬರೀತೀನಿ ಅಂದಿದ್ದನ್ನ ಈಗ ಬರೀತೀನಿ. ತಮ್ಮ, ಸೋಮವಾರ ನೀನು ಕೇಳ್ಬೇಕಾದ ಮೊದಲನೇ ಪ್ರಶ್ನೆ, ನಾನು ನಿಮ್ಮ ನೌಕರನಾ ಅಥವಾ ಪಾರ್ಟ್ನರಾ ಅಂತ. ಎರಡಕ್ಕೂ ಬೇರೆ ಬೇರೆ ಲೆಕ್ಕ.

ಸಂಬಳದ ನೌಕರ ಅಂದ್ರೆ ಇಎಸ್‌ಐ (ನೌಕರರ ವಿಮೆ), ಪಿಎಫ್ (ಭವಿಷ್ಯ ನಿಧಿ) ಕೇಳು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋರು ಇಎಸ್‌ಐ ಒಳಗೆ ಬರ್ತಾರೆ, ನಿನ್ನ ಸಂಬಳದಿಂದ ಶೇಕಡಾ 0.75 ಹಿಡೀತಾರೆ, ಕಂಪನಿಯೋರು ಶೇಕಡಾ 3.25 ಹಾಕ್ಬೇಕು. ಇದ್ರಲ್ಲಿ ನಿನ್ನ ಜೊತೆ ಮನೆಯೋರಿಗೂ ಚಿಕಿತ್ಸೆ ಸಿಗ್ತೈತೆ, ಕೆಲ್ಸದ ವೇಳೆ ಪೆಟ್ಟಾದ್ರೆ ರಜೆಯ ದುಡ್ಡೂ ಬರ್ತೈತೆ. ಹಿಡಿದಿದಾರೆ ಅಂತ ಸುಮ್ನಿರ್ಬೇಡ, ಇಎಸ್‌ಐ ನಂಬರು, ಪಿಎಫ್ ಖಾತೆಯ ಯುಎಎನ್ ನಂಬರು ಕೈಗೆ ಇಸ್ಕೋ.

ಪಾರ್ಟ್ನರ್ ಅಂತ ಆ್ಯಪ್ ಮೇಲೆ ಪಾರ್ಸೆಲ್ ಲೆಕ್ಕಕ್ಕೆ ಹಾಕ್ಕೊಂಡ್ರೆ ನಮ್ಮ ರಾಜ್ಯದ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ಕೆಲ್ಸ ಮಾಡೋರ) ಕಾಯ್ದೆ ಬರ್ತೈತೆ. 2025ರ ಮೇನಲ್ಲಿ ಸುಗ್ರೀವಾಜ್ಞೆ ಬಂತು, ಅದೇ ವರ್ಷ ಕಾಯ್ದೆ ಆಯ್ತು. ಕಂಪನಿಗಳು ಕೆಲಸಗಾರರಿಗೆ ಕೊಡೋ ಪಾವತಿ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಬೇಕು, ಅದಕ್ಕೆ ಬೇರೆ ಮಂಡಳಿ ಐತೆ. ಒಪ್ಪಂದದ ಷರತ್ತು ಬದಲಾಯಿಸೋಕೆ 14 ದಿನ ಮುಂಚೆ ತಿಳಿಸ್ಬೇಕು, ಐಡಿ ತೆಗೆದು ಕೆಲ್ಸದಿಂದ ಬಿಡಿಸೋಕೂ ಕಾರಣ ಬರವಣಿಗೆಯಲ್ಲಿ ಕೊಟ್ಟು 14 ದಿನದ ನೋಟಿಸ್ ಕೊಡ್ಬೇಕು. ಅದಲ್ದೆ ರಾಜ್ಯ ಸರ್ಕಾರದ ಗಿಗ್ ಕಾರ್ಮಿಕರ ವಿಮಾ ಯೋಜನೆ ಐತೆ, 18ರಿಂದ 60 ವಯಸ್ಸಿನೋರಿಗೆ. 2 ಲಕ್ಷ ಜೀವ ವಿಮೆ, 2 ಲಕ್ಷ ಅಪಘಾತ ವಿಮೆ, ಅಪಘಾತದಲ್ಲಿ ಜೀವ ಹೋದ್ರೆ ಎರಡೂ ಸೇರಿ 4 ಲಕ್ಷ ಕುಟುಂಬಕ್ಕೆ, ಆಸ್ಪತ್ರೆ ಖರ್ಚು 1 ಲಕ್ಷದವರೆಗೆ. ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ, ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡ್ ಮಾಡಿಸ್ಕೋ. ಇಎಸ್‌ಐ ಪಿಎಫ್ ಇರೋರಿಗೆ ಈ ಯೋಜನೆ ಇಲ್ಲ. ಹಂಗಾಗಿ ಎರಡ್ರಲ್ಲಿ ಒಂದು ಇರ್ಲೇಬೇಕು. ಎರಡೂ ಇಲ್ದೆ ರೋಡಿಗೆ ಇಳೀಬೇಡ, ಇದನ್ನ ಎಷ್ಟು ಸಲ ಬೇಕಾದ್ರೂ ಹೇಳ್ತೀನಿ.

ಸ್ಪೀಡ್ ಹದಿನೇಳು, ನಿಂದೂ ಆಗಿದ್ಯಾ?

ಸ್ಪೀಡ್ ಹದಿನೇಳು:
ಇ-ಶ್ರಮ್ ಐತೆ ಅಣ್ಣ. ಆ ವಿಮೇದು ಮಾಡ್ಸಿಲ್ಲ. ಏನೇನು ಡಾಕ್ಯುಮೆಂಟ್ ಬೇಕು?

ಕಾರ್ಮಿಕ ಮಿತ್ರ:
ಆಧಾರ್, ಇ-ಶ್ರಮ್ ನಂಬರು, ಬ್ಯಾಂಕ್ ಪಾಸ್‌ಬುಕ್, ನಿನ್ನ ಕಂಪನಿ ಐಡಿ ತಗೊಂಡು ಲೇಬರ್ ಆಫೀಸಿಗೆ ಹೋಗು, ಇನ್ನೇನಾದ್ರೂ ಬೇಕಿದ್ರೆ ಅಲ್ಲೇ ಹೇಳ್ತಾರೆ. ನಿನ್ನ ಜೊತೆ ಕೆಲ್ಸ ಮಾಡೋರನ್ನೂ ಕರ್ಕೊಂಡು ಹೋಗು.

ಶ್ಯಾಗಲೆ ಹುಡುಗ:
ಎಲ್ರಿಗೂ ಕೈ ಮುಗೀತೀನಿ, ಇಷ್ಟು ಉದ್ದ ಬರೀತೀರಿ ಅಂದ್ಕೊಂಡಿರ್ಲಿಲ್ಲ, ಅವ್ವನಿಗೂ ಓದಿ ಹೇಳಿದೆ. ಇವತ್ತು ಹಬ್‌ನಿಂದ ಫೋನ್ ಬಂದಿತ್ತು, ರೂಟ್ ಹೇಳಿದ್ರು, ಆನಗೋಡು ಮಾಯಕೊಂಡ ಕಡೆ, ವಾರದಲ್ಲಿ ಎರಡು ದಿನ ಎಸ್‌ಎಸ್ ಲೇಔಟ್. ಅಜ್ಜಾರೆ, ನಾಳೆ ಭಾನುವಾರ ಎಸ್‌ಎಸ್ ಲೇಔಟಲ್ಲಿ ನಡ್ಕೊಂಡು ತಿರುಗ್ಬೇಕು ಅಂತ ಮಾಡಿದೀನಿ, ನೋಟ್‌ಬುಕ್ ತಗೊಂಡಿದೀನಿ. ನೌಕರನಾ ಪಾರ್ಟ್ನರಾ ಅಂತ ಫೋನಲ್ಲೇ ಕೇಳಿದೆ, ಆರು ತಿಂಗಳು ನೌಕರ, ಲೆಟರ್ ಸೋಮವಾರ ಕೊಡ್ತೀವಿ ಅಂದ್ರು. ಲೆಟರ್ ನೋಡಿ ಆಮೇಲೆ ಕೀ ಇಸ್ಕೋತೀನಿ.

ಇನ್ನೊಂದು ಕೇಳೋದಿತ್ತು. ಹಳ್ಳೀಲಿ ಮನೆಯೋರು ಹೊಲಕ್ಕೆ ಹೋಗಿದ್ರೆ ಕಿರಾಣಿ ಅಂಗಡೀಲಿ ಪಾರ್ಸೆಲ್ ಇಟ್ಟು ಬರ್ಬೋದಾ?

ದುರ್ಗದ ಡ್ರೈವರ್:
ಕಸ್ಟಮರ್‌ಗೆ ಫೋನ್ ಮಾಡಿ, ಅವರೇ ಇಂಥ ಅಂಗಡೀಲಿ ಕೊಡು ಅಂತ ಬಾಯಿಬಿಟ್ಟು ಹೇಳಿದ್ರೆ, ಅದೂ ಪ್ರೀಪೇಯ್ಡ್ ಆಗಿದ್ರೆ, ಅಂಗಡಿಯೋರ ಹೆಸರು ಆ್ಯಪಲ್ಲಿ ಹಾಕಿ ಫೋಟೋ ಹೊಡ್ಕೊಂಡು ಕೊಡು. ಹಬ್‌ನಲ್ಲಿ ಅದಕ್ಕೆ ಅವಕಾಶ ಐತಾ ಅಂತ ಮೊದ್ಲು ಕೇಳ್ಕೋ. ಮೊಬೈಲು, ಓಟಿಪಿ ಇರೋದು, ಕ್ಯಾಷ್‌ದು ಯಾರ ಹತ್ರಾನೂ ಇಡ್ಬೇಡ. ಆಮೇಲೆ ಹೊಲದ ಕೆಲ್ಸ ಇರೋ ದಿನಗಳಲ್ಲಿ ಮಧ್ಯಾಹ್ನ ಹೋಗಿ ಉಪಯೋಗ ಇಲ್ಲ, ಬೆಳಗ್ಗೆ ಬೇಗ ಹೋದ್ರೆ ಎಲ್ಲಾರೂ ಸಿಗ್ತಾರೆ. ಆನಗೋಡು ಹೈವೇ ಪಕ್ಕಾನೇ ಐತೆ, ಅದನ್ನ ವಾಪಸ್ ಬರೋವಾಗ ಇಟ್ಕೋ, ಮೊದ್ಲು ಮಾಯಕೊಂಡ ಕಡೆ ಒಳಗಿನ ಊರು ಮುಗಿಸು.

ಹಬ್ ನೈಟ್ ಶಿಫ್ಟ್:
ಸೋಮವಾರ ಆರೂವರೆಗೇ ಬಾ. ನಾನು ಶಿಫ್ಟ್ ಮುಗಿಸಿ ಹೊರಡೋ ಹೊತ್ತು ಅದು, ನೀನು ಸೇರಿರೋದು ನಮ್ಮ ಹಬ್‌ಗೇ ಆಗಿದ್ರೆ ಗಾಡಿ ತುಂಬೋದು ಒಂದ್ಸಲ ಜೊತೆಗೇ ನಿಂತು ತೋರಿಸ್ತೀನಿ. ಮಾರ್ಕರ್ ಎರಡು ತಗೊಂಡು ಬಾ, ಒಂದು ಅಲ್ಲಿ ಯಾರಾದ್ರೂ ಕೇಳಿ ಇಸ್ಕೊಂಡು ಹೋಗೇ ಹೋಗ್ತಾರೆ.